ತನ್ನ ಹೊಡೆತ ತಾನೇ ಎಣಿಸುವ ಆಟ

ನಾನು ಕಾರವಾರ ಬಂದರಿನಲ್ಲಿ ಸರಕು ಅಳೆಯುವ ಸರ್ವೇಯರ್. ಹಡಗಿನಲ್ಲಿ ಎಷ್ಟು ಟನ್ ಡಾಂಬರು ಬಂತು, ದಡದ ಟ್ಯಾಂಕಿಗೆ ಎಷ್ಟು ಇಳಿಯಿತು ಎಂದು ಅಳೆದು ಬರೆದುಕೊಡುವುದು ನನ್ನ ಕೆಲಸ. ಕಳೆದ ಚಳಿಗಾಲದ ಒಂದು ಭಾನುವಾರ ನಮ್ಮ ಆಫೀಸಿನವರೆಲ್ಲ ಹುಬ್ಬಳ್ಳಿಯ ಕೆಲವು ಗ್ರಾಹಕರ ಜೊತೆ ಗಾಲ್ಫ್ ಆಡಲು ಹೋಗಿದ್ದೆವು. ಕಾಳಿ ಸೇತುವೆ, ಸದಾಶಿವಗಡ, ಮಾಜಾಳಿ ಚೆಕ್‌ಪೋಸ್ಟ್ ದಾಟಿದರೆ ಗೋವಾದ ಕಾಣಕೋಣ ಬರುತ್ತದೆ. ಅಲ್ಲಿ ಸಮುದ್ರದ ಪಕ್ಕದಲ್ಲೇ ಒಂಬತ್ತು ಹೋಲ್‌ಗಳ, ಅಂದರೆ ಚೆಂಡು ಬೀಳಿಸಬೇಕಾದ ಒಂಬತ್ತು ಕುಳಿಗಳ, ಮೈದಾನವಿದೆ.

ಕಡಿಮೆ ಹೊಡೆತದಲ್ಲಿ ಮುಗಿಸಿದವರು ಗೆಲ್ಲುವ ಆಟ ಇದು. ನನಗೆ ಹೊಸದು. ಹಾಗಾಗಿ ಒಬ್ಬ ಹಿರಿಯ ಗ್ರಾಹಕರ ಸ್ಕೋರ್‌ಕಾರ್ಡ್ ಬರೆಯಲು ಕೊಟ್ಟರು. ನಾಲ್ಕನೇ ಹೋಲ್‌ನಲ್ಲಿ ಅವರ ಚೆಂಡು ಉದ್ದ ಹುಲ್ಲಿನೊಳಗೆ ಹೋಯಿತು. ನಾವೆಲ್ಲ ದೂರದಲ್ಲಿದ್ದೆವು, ಯಾರಿಗೂ ಏನೂ ಕಾಣುತ್ತಿರಲಿಲ್ಲ. ಹೊಡೆದು ಬಂದವರು, "ಹೊಡೆಯೂಕಿಂತ ಮೊದ್ಲು ಕೋಲು ತಾಗಿ ಬಾಲ್ ಸರೀತ್ರಿ. ವಾಪಸ್ ಇಟ್ಟು ಹೊಡದೆ. ನನಗೊಂದು ಹೊಡೆತ ಜಾಸ್ತಿ ಬರ್ಕೋರಿ" ಎಂದರು. ಅಷ್ಟೇ ಹೇಳಿ ಮುಂದೆ ನಡೆದರು.

ಗಾಲ್ಫ್‌ನಲ್ಲಿ ಕ್ರಿಕೆಟ್‌ನ ಹಾಗೆ ಪ್ರತಿ ಹೊಡೆತಕ್ಕೂ ಅಂಪೈರ್ ಪಕ್ಕದಲ್ಲಿ ನಿಂತಿರುವುದಿಲ್ಲ. ತನ್ನ ದಂಡ ತಾನೇ ಹೇಳಿಕೊಳ್ಳಬೇಕು. 1925ರ ಯುಎಸ್ ಓಪನ್ ಗಾಲ್ಫ್‌ನಲ್ಲಿ ಅಮೆರಿಕದ ಆಟಗಾರ ಬಾಬಿ ಜೋನ್ಸ್ ಹೀಗೇ, ಹುಲ್ಲಿನಲ್ಲಿ ಚೆಂಡು ಅಲುಗಿತೆಂದು ತಾವೇ ಹೇಳಿ ಒಂದು ಹೊಡೆತದ ದಂಡ ಹಾಕಿಸಿಕೊಂಡರು. ಆ ಒಂದು ಹೊಡೆತ ಇಲ್ಲದಿದ್ದರೆ ಪ್ರಶಸ್ತಿ ಅವರದೇ ಆಗುತ್ತಿತ್ತು. ಸಮ ಆಗಿ ಪ್ಲೇ ಆಫ್‌ಗೆ ಹೋಗಿ ಸೋತರು.

ನನಗೆ ಇನ್ನೂ ಇಷ್ಟವಾದದ್ದು ಕಾರ್ಡಿನ ನಿಯಮ. ನನ್ನ ಅಂಕ ಇನ್ನೊಬ್ಬರು ಬರೆಯುತ್ತಾರೆ, ಕೊನೆಗೆ ಇಬ್ಬರೂ ಸಹಿ ಹಾಕುತ್ತೇವೆ. ಒಂದು ಹೋಲ್‌ಗೆ ನಿಜಕ್ಕಿಂತ ಕಡಿಮೆ ಬರೆದಿದ್ದ ಕಾರ್ಡ್ ಕೊಟ್ಟರೆ ಸ್ಪರ್ಧೆಯಿಂದಲೇ ಹೊರಗೆ ಹಾಕುತ್ತಾರೆ. ಜಾಸ್ತಿ ಬರೆದಿದ್ದರೆ ಆ ಜಾಸ್ತಿ ಲೆಕ್ಕವೇ ಉಳಿಯುತ್ತದೆ. ಬರೆದವರು ಯಾರೇ ಇರಲಿ, ಅಂಕಿ ಯಾರದೋ ಅವರೇ ಅದನ್ನು ನೋಡಿಕೊಳ್ಳಬೇಕು.

ನಮ್ಮ ಕೆಲಸವೂ ಇದೇ ಅಲ್ವಾ? ಡಾಂಬರು ಇಳಿಸುವ ಮೊದಲು ಹಡಗಿನ ಚೀಫ್ ಆಫೀಸರ್ ಮತ್ತು ಸರ್ವೇಯರ್ ಜೊತೆಯಲ್ಲೇ ಒಂದೊಂದು ಟ್ಯಾಂಕ್ ಅಳೆಯುತ್ತಾರೆ, ಉಷ್ಣತೆ ನೋಡುತ್ತಾರೆ, ಇಬ್ಬರೂ ಸಹಿ ಹಾಕುತ್ತಾರೆ. ಡಾಂಬರು ಬಿಸಿಯಾಗಿಯೇ ಬರುತ್ತದೆ, ಬಿಸಿಗೆ ಹಿಗ್ಗುತ್ತದೆ. ಹಾಗಾಗಿ ಟನ್ ಲೆಕ್ಕವನ್ನು ಉಷ್ಣತೆ ನೋಡಿಯೇ ಹಾಕಬೇಕು. ಥರ್ಮಾಮೀಟರ್ ಓದುವಾಗ 5 ಡಿಗ್ರಿ ತಪ್ಪಿದರೆ ಲೆಕ್ಕದಲ್ಲಿ ಸುಮಾರು ಶೇ 0.3 ವ್ಯತ್ಯಾಸ ಬರುತ್ತದೆ. 3,000 ಟನ್ ಸರಕಿಗೆ ಅದು 9 ಟನ್. ಟ್ಯಾಂಕಿನ ಮೇಲೆ ಹೊಗೆ, ಸೆಖೆ, ಕೆಳಗೆ ಲಾರಿಗಳ ಸಾಲು. ಅಂಥ ಹೊತ್ತಲ್ಲಿ ಐದು ಡಿಗ್ರಿ ಯಾರ ಕಣ್ಣಿಗೂ ಬೀಳುವುದಿಲ್ಲ. ಓದಿದವನಿಗೆ ಮಾತ್ರ ಗೊತ್ತು.

ಅದಕ್ಕೇ ಹೊಸ ಹುಡುಗರಿಗೆ ಈಗ ನಾನು ಇದನ್ನೇ ಮೊದಲು ಕಲಿಸುತ್ತೇನೆ. ಓದಿದವನು ಜೋರಾಗಿ ಹೇಳಬೇಕು, ಬರೆದವನು ತಿರುಗಿ ಓದಿ ಹೇಳಬೇಕು. ಸಂಶಯ ಬಂದರೆ ಥರ್ಮಾಮೀಟರ್ ಮತ್ತೆ ಇಳಿಸಬೇಕು. "ಅಷ್ಟಕ್ಕೆಲ್ಲ ಸುಮ್ನೆ ಹೊತ್ತು ಹಾಳು, ಸರ್" ಎಂದು ಒಬ್ಬ ಹುಡುಗ ಹೇಳಿದ್ದ. ಹೊತ್ತು ಹೋಗುತ್ತದೆ, ನಿಜ. ಆದರೆ ಸರಕು ಕೊಂಡವರು ನಮ್ಮ ಒಂದು ಹಾಳೆ ನಂಬಿ ಹಣ ಕಟ್ಟುತ್ತಾರೆ.

ಗ್ರಾಹಕರನ್ನು ಇಂಥ ಕಡೆ ಕರೆದುಕೊಂಡು ಹೋಗುವವರಿಗೆ ಒಂದು ಮಾತು. ಅಲ್ಲಿ ರೇಟಿನ ವಿಷಯ ಎತ್ತಬೇಡಿ. ನಾವು ಎತ್ತಲಿಲ್ಲ, ಅದು ಒಳ್ಳೆಯದೇ ಆಯಿತು. ಜೊತೆಯಲ್ಲಿ ನಡೆಯುತ್ತ ಅವರು ಹೇಗೆ ಕೆಲಸ ಮಾಡುತ್ತಾರೆ, ಯಾವುದಕ್ಕೆ ತಲೆಕೆಡಿಸಿಕೊಳ್ಳುತ್ತಾರೆ ಎಂದು ಕೇಳಿ. ಆಫೀಸಿನ ಮೇಜಿನ ಮುಂದೆ ಅಷ್ಟು ಮಾತು ಬರುವುದಿಲ್ಲ.

ಅಳತೆಯಲ್ಲಿ ವ್ಯತ್ಯಾಸ ಕಂಡರೆ ಅದು ಯಾರ ಪರವಾಗಿದೆ ಎಂದು ಲೆಕ್ಕ ಹಾಕುತ್ತ ಕೂರಬಾರದು. ಎರಡೂ ಕಡೆಯವರಿಗೆ ಆಗಲೇ ಫೋನ್ ಮಾಡಬೇಕು, ಹಡಗು ಇನ್ನೂ ಬಂದರಿನಲ್ಲಿರುವಾಗಲೇ. ಅದು ಹೊರಟ ಮೇಲೆ ಮತ್ತೆ ಅಳೆಯಲು ಟ್ಯಾಂಕ್ ಸಿಗುವುದಿಲ್ಲ.