ಮೋಟಾರು ಎಷ್ಟು ಸುತ್ತು?

ಹುಬ್ಬಳ್ಳಿಯ ಗೋಕುಲ ರೋಡಿನ ಒಂದು ಲೇಥು ಅಂಗಡಿಯಲ್ಲಿ ಈ ವಾರ ಕಿವಿಗೆ ಬಿದ್ದ ಪ್ರಶ್ನೆ ಇನ್ನೂ ತಲೆಯಿಂದ ಇಳಿದಿಲ್ಲ. ಫೈನಲ್ ಇಯರ್ ಮೆಕ್ಯಾನಿಕಲ್ ಹುಡುಗರು ಬ್ಯಾಟರಿ ಸೈಕಲ್ ತಳ್ಳಿಕೊಂಡು ಬಂದಿದ್ದರು. ಗುಜರಿಯಲ್ಲಿ ಸಿಕ್ಕ ಗೇರಿಲ್ಲದ ಸ್ಕೂಟರಿನ ವೇರಿಯೇಟರನ್ನು, ಅಂದರೆ ಎರಡು ಪುಲ್ಲಿ ಮತ್ತು ಬೆಲ್ಟಿನಿಂದ ಗೇರಿನ ಕೆಲಸವನ್ನು ತಾನಾಗಿ ಮಾಡುವ ಭಾಗವನ್ನು, ಸೈಕಲ್ಲಿನ ಕ್ಯಾರಿಯರ್ ಕೆಳಗೆ ಕೂರಿಸಿದ್ದಾರೆ. ಗಾಡಿ ಓಡುತ್ತದೆ, ಆದರೆ ಬೆಲ್ಟು ಮುಂದಿನ ಪುಲ್ಲಿಯ ತಳದಲ್ಲೇ ಕೂತಿದೆ. ಸಪಾಟು ರಸ್ತೆಯಲ್ಲೂ ಗಂಟೆಗೆ 8 ಕಿ.ಮೀ. ದಾಟುವುದಿಲ್ಲ.

"ಕಾಕಾ, ರೋಲರ್ ಸ್ವಲ್ಪ ತೂಕದ್ದು ಮಾಡಿಕೊಡ್ರಿ."

"ಮೋಟಾರು ಎಷ್ಟು ಸುತ್ತು ತಿರಗತೈತಿ? ಮೊದ್ಲ ಅದನ್ನ ಹೇಳು ತಮ್ಮಾ."

"ರಿಪೋರ್ಟಿನ್ಯಾಗ ಐತ್ರಿ."

"ರಿಪೋರ್ಟಿನ್ಯಾಗ ಇರ್ಲಿ. ಇದು, ಈಗ, ಎಷ್ಟು ತಿರಗತೈತಿ?"

ಹುಡುಗರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕಾಕಾ ಮತ್ತೆ ಲೇಥಿನ ಕಡೆ ತಿರುಗಿದರು. ವೇರಿಯೇಟರ್ ಕಟ್ಟಹೊರಟ ಯಾರೇ ಆಗಲಿ ಉತ್ತರಿಸಬೇಕಾದ ಮೊದಲ ಪ್ರಶ್ನೆ ಅದೇ.

ವೇರಿಯೇಟರಿನೊಳಗೆ ಆರು ರೋಲರ್‌ಗಳಿರುತ್ತವೆ. ಶಾಫ್ಟು ತಿರುಗಿದಂತೆ ಅವು ಹೊರಕ್ಕೆ ಎಸೆಯಲ್ಪಟ್ಟು, ಇಳಿಜಾರು ತಟ್ಟೆಯ ಮೇಲೆ ಹತ್ತಿ, ಪುಲ್ಲಿಯ ಒಂದು ಪಕ್ಕವನ್ನು ಇನ್ನೊಂದರ ಕಡೆಗೆ ದೂಡುತ್ತವೆ. ಸಂದು ಕಿರಿದಾದಂತೆ ಬೆಲ್ಟು ಮೇಲೇರುತ್ತದೆ. ಹಿಂದಿನ ಪುಲ್ಲಿಯ ದೊಡ್ಡ ಸ್ಪ್ರಿಂಗು ಇದಕ್ಕೆ ಎದುರಾಗಿ ಒತ್ತುತ್ತಿರುತ್ತದೆ. ರೋಲರ್ ಗೆದ್ದರೆ ವೇಗ, ಸ್ಪ್ರಿಂಗು ಗೆದ್ದರೆ ಎಳೆತ.

ರೋಲರಿನ ಬಲ ಸುತ್ತಿನ ವರ್ಗಕ್ಕೆ ತಕ್ಕಂತೆ ಏರುತ್ತದೆ, ಗಂಟು ಇರುವುದು ಇಲ್ಲೇ. 110 ಸಿಸಿ ಸ್ಕೂಟರಿನ ಎಂಜಿನ್ ನಿಮಿಷಕ್ಕೆ 5,500 ಸುತ್ತಿನ ಆಸುಪಾಸಿನಲ್ಲಿ ಕೆಲಸ ಮಾಡುತ್ತದೆ. 15 ಗ್ರಾಂ ತೂಕದ ರೋಲರ್ ನಡುವಿನಿಂದ 35 ಮಿ.ಮೀ. ದೂರದಲ್ಲಿದ್ದರೆ ಆ ಸುತ್ತಿನಲ್ಲಿ ಸುಮಾರು 174 ನ್ಯೂಟನ್ ಬಲ ಹಾಕುತ್ತದೆ. ಆರೂ ಸೇರಿದರೆ 1,000 ನ್ಯೂಟನ್ ದಾಟುತ್ತದೆ. ಈ ಹುಡುಗರ ಮೋಟಾರು 24 ವೋಲ್ಟಿನ, 250 ವ್ಯಾಟಿನ ಎಂವೈ1016 ಮಾದರಿಯದು. ಲೋಡ್ ಬಿದ್ದಾಗ ಅದು ತಿರುಗುವುದು ಸುಮಾರು 2,700 ಸುತ್ತು. ಅದೇ ರೋಲರ್‌ಗಳು ಅಲ್ಲಿ ಹಾಕುವ ಒಟ್ಟು ಬಲ 250 ನ್ಯೂಟನ್. ಸುತ್ತು ಅರ್ಧವಾದರೆ ಬಲ ಕಾಲು ಭಾಗಕ್ಕೆ ಇಳಿಯಿತು. ಸ್ಪ್ರಿಂಗು ಮಾತ್ರ ಸ್ಕೂಟರಿನದೇ. ಬೆಲ್ಟು ಹೇಗೆ ಏರೀತು?

ಹಾಗಾದರೆ ರೋಲರ್ ತೂಕ ನಾಲ್ಕು ಪಟ್ಟು ಮಾಡಬಹುದಲ್ಲ ಅಂದರೆ ಜಾಗವಿಲ್ಲ. ನೈಲಾನ್ ಹೊದಿಕೆಯೊಳಗೆ ಈಗಾಗಲೇ ಲೋಹದ ಬುಷ್ ಇದೆ. ಅದರ ತೂತನ್ನು ಪೂರ್ತಿ ಸೀಸದಿಂದ ತುಂಬಿದರೂ ನಾಲ್ಕು ಪಟ್ಟು ಮುಟ್ಟುವುದಿಲ್ಲ. ಉಳಿದ ದಾರಿ ಸ್ಪ್ರಿಂಗನ್ನು ಮೆದು ಮಾಡುವುದು. ಅದಕ್ಕೆ ಮೊದಲು ಅಳೆಯಬೇಕು: ಮನೆಯಲ್ಲಿ ತೂಕ ನೋಡುವ ಮಷಿನನ್ನು ಪಿಲ್ಲರ್ ಡ್ರಿಲ್ಲಿನ ಟೇಬಲ್ ಮೇಲಿಟ್ಟು, ಅದರ ಮೇಲೆ ಸ್ಪ್ರಿಂಗು ನಿಲ್ಲಿಸಿ, ಡ್ರಿಲ್ ಹಿಡಿಯಿಂದ ಒತ್ತುತ್ತಾ ಎಷ್ಟು ಮಿ.ಮೀ.ಗೆ ಎಷ್ಟು ಕಿಲೋ ಅಂತ ಬರೆದುಕೊಳ್ಳುವುದು. ಒಂದು ಕಿಲೋ ಅಂದರೆ ಹೆಚ್ಚುಕಡಿಮೆ 10 ನ್ಯೂಟನ್. ಆ ಅಂಕಿ ಕೈಯಲ್ಲಿದ್ದರೆ ಸ್ಪ್ರಿಂಗ್ ಮಾಡುವವರ ಹತ್ತಿರ ಅದರ ಕಾಲು ಭಾಗದ ಬಿಗುವಿನದು ಸುತ್ತಿಸಿಕೊಳ್ಳಬಹುದು. ಅಂಕಿಯಿಲ್ಲದೆ "ಸ್ವಲ್ಪ ಮೆತ್ತಗಿರಲಿ" ಅಂದರೆ ಬೆಲ್ಟು ಜಾರಿ, ಅದರ ಪಕ್ಕಗಳು ಕನ್ನಡಿಯಂತೆ ನುಣುಪಾಗಿ ಕೂರುತ್ತವೆ. ಒಮ್ಮೆ ಹಾಗಾದ ಬೆಲ್ಟು ಮತ್ತೆ ಸರಿಯಾಗಿ ಹಿಡಿಯುವುದಿಲ್ಲ.

ಸ್ಕೂಟರಿನ ಹಿಂದಿನ ಪುಲ್ಲಿಯಲ್ಲಿ ಓರೆ ತೋಡಿನೊಳಗೆ ಓಡುವ ಪಿನ್ನುಗಳಿವೆ. ಏರು ಬಂದು ಭಾರ ಹೆಚ್ಚಾದಾಗ ಆ ತಿರುಚೇ ಪುಲ್ಲಿಯನ್ನು ಮುಚ್ಚಿ, ತಾನಾಗಿ ಎಳೆತದ ಕಡೆಗೆ ತಿರುಗಿಸುತ್ತದೆ. ಇಡೀ ಯಂತ್ರದಲ್ಲಿ ನನಗೆ ಅತಿ ಮೆಚ್ಚುಗೆಯ ಭಾಗ ಅದು. ಆದರೆ ಸ್ಕೂಟರಿನ ಎಂಜಿನ್ ಕೊಡುವ ತಿರುಚುಬಲ (ಟಾರ್ಕ್) 8-9 ನ್ಯೂಟನ್ ಮೀಟರ್, ಈ ಮೋಟಾರಿನದು 0.9. ಪಿನ್ನುಗಳಿಗೆ ಮಾಡಲು ಕೆಲಸವೇ ಇಲ್ಲ. ಗುಜರಿಯಿಂದ ತಂದ ಭಾಗ ಬರೀ ಕಬ್ಬಿಣವಲ್ಲ, ತಾನು ಹುಟ್ಟಿದ ಗಾಡಿಯ ಸುತ್ತು, ಭಾರ, ಬಿಸಿ ಎಲ್ಲವನ್ನೂ ಒಳಗಿಟ್ಟುಕೊಂಡೇ ಬಂದಿರುತ್ತದೆ.

ಸೈಕಲ್ಲಿಗೆ ಇಷ್ಟೆಲ್ಲ ಬೇಕೇ ಅಂತ ಅಂಗಡಿಯಲ್ಲಿದ್ದ ಒಬ್ಬ ಗಿರಾಕಿ ಮೂಗು ಮುರಿದರು. ಅವರ ಮಾತು ಪೂರ್ತಿ ಸರಿಯಲ್ಲ. ನಮ್ಮಲ್ಲಿ ಮೋಟಾರು 250 ವ್ಯಾಟ್, ವೇಗ ಗಂಟೆಗೆ 25 ಕಿ.ಮೀ. ಮಿತಿಯೊಳಗಿದ್ದರೆ ನೋಂದಣಿಯ ತಾಪತ್ರಯವಿಲ್ಲ. ಮಿತಿ ಇಷ್ಟು ಸಣ್ಣದಾದ್ದರಿಂದಲೇ ಗೇರಿನ ಅಗತ್ಯ ಹುಟ್ಟುವುದು. ಸವಾರ 70 ಕಿಲೋ, ಸೈಕಲ್ 30 ಕಿಲೋ ಅಂದುಕೊಳ್ಳಿ. ನೂರು ಮೀಟರಿಗೆ 6 ಮೀಟರ್ ಎತ್ತರವಾಗುವ ಏರಿನಲ್ಲಿ, ಚಕ್ರ ಉರುಳುವ ತಡೆಯೂ ಸೇರಿ, ಸುಮಾರು 69 ನ್ಯೂಟನ್ ಎಳೆತ ಬೇಕು. ಚಕ್ರಕ್ಕೆ 200 ವ್ಯಾಟ್ ತಲುಪಿದರೆ ವೇಗ ಗಂಟೆಗೆ 10 ಕಿ.ಮೀ.ಗಿಂತ ಚೂರು ಹೆಚ್ಚು. 25 ಕಿ.ಮೀ.ಗೆ ಹೊಂದಿಸಿದ ಒಂದೇ ಗೇರಿನಲ್ಲಿ ಹತ್ತಿದರೆ ಮೋಟಾರು ತನ್ನ ಸುತ್ತಿನ ಶೇಕಡ 40ಕ್ಕೆ ಇಳಿದು, ಕರೆಂಟು ಎಳೆದೆಳೆದು ಬಿಸಿಯಾಗುತ್ತದೆ. ದೊಡ್ಡ ಮೋಟಾರಿನ ಎಲೆಕ್ಟ್ರಿಕ್ ಸ್ಕೂಟರ್‌ಗಳು ಒಂದೇ ಗೇರಿನಲ್ಲಿ ಓಡುವುದು ನಿಜ, ಅವುಗಳ ಹತ್ತಿರ ಖರ್ಚು ಮಾಡಲು ಶಕ್ತಿ ಇದೆ.

ಲೆಕ್ಕವನ್ನು ಚಕ್ರದಿಂದ ಹಿಂದಕ್ಕೆ ತರಬೇಕು. 26 ಇಂಚಿನ ಚಕ್ರದ ಸುತ್ತಳತೆ 2.07 ಮೀಟರ್, 25 ಕಿ.ಮೀ. ವೇಗಕ್ಕೆ ಅದು ನಿಮಿಷಕ್ಕೆ 200 ಸುತ್ತು ತಿರುಗಬೇಕು. ಸ್ಕೂಟರ್ ವೇರಿಯೇಟರಿನ ಅನುಪಾತ, ಅಂದರೆ ಹಿಂದಿನ ಪುಲ್ಲಿಯ ಒಂದು ಸುತ್ತಿಗೆ ಮುಂದಿನದು ತಿರುಗುವ ಸುತ್ತು, ಸುಮಾರು 2.5ರಿಂದ 0.8ರವರೆಗೆ ಬದಲಾಗುತ್ತದೆ. 0.8ರಲ್ಲಿ 2,700 ಸುತ್ತು 200ಕ್ಕೆ ಇಳಿಯಬೇಕಾದರೆ ವೇರಿಯೇಟರಿನ ನಂತರ ಇನ್ನೂ 17 ಪಟ್ಟು ಇಳಿಸಬೇಕು. ಒಂದು ಚೈನಿನಲ್ಲಿ ಅದು ಆಗದ ಮಾತು. 9 ಹಲ್ಲಿಗೆ 48, ಅಲ್ಲಿಂದ ಮತ್ತೆ 9ಕ್ಕೆ 28, ಎರಡು ಹಂತ ಬೇಕು. ಹುಡುಗರು ಇದನ್ನು ಸರಿಯಾಗಿಯೇ ಮಾಡಿದ್ದರು. 8 ಕಿ.ಮೀ.ಯಲ್ಲಿ ನಿಲ್ಲುತ್ತಿದ್ದುದೂ ಈ ಲೆಕ್ಕದಿಂದಲೇ: 2.5ನ್ನು 17ರಿಂದ ಗುಣಿಸಿದರೆ 42 ಚಿಲ್ಲರೆ, 2,700ನ್ನು ಅದರಿಂದ ಭಾಗಿಸಿದರೆ ಚಕ್ರಕ್ಕೆ ಬರುವುದು 64 ಸುತ್ತು.

ಜೋಡಣೆಯಲ್ಲಿ ಕೆಡುವುದು ಬೇರೆಯೇ. ಬೆಲ್ಟಿನ ಎಳೆತವನ್ನು ಮೋಟಾರಿನ ಸಣ್ಣ ಶಾಫ್ಟಿನ ಮೇಲೆ ಹೊರಿಸಿದರೆ ಅದರ ಬೇರಿಂಗು ಬಾಳುವುದಿಲ್ಲ. 20 ಮಿ.ಮೀ. ಶಾಫ್ಟನ್ನು ಎರಡು ಯುಸಿಪಿ204 ಬೇರಿಂಗುಗಳಲ್ಲಿ ಕೂರಿಸಿ, ಮೋಟಾರಿಗೆ ಕಪ್ಲಿಂಗ್ ಕೊಡಬೇಕು. ಪುಲ್ಲಿಯ ತೂತಿಗೂ ಶಾಫ್ಟಿಗೂ ನಡುವೆ ಬರುವ ಬುಷ್ ಡಯಲ್ ಗೇಜಿನಲ್ಲಿ 0.05 ಮಿ.ಮೀ.ಗಿಂತ ಹೆಚ್ಚು ಆಡಬಾರದು. ಎರಡು ಪುಲ್ಲಿಗಳ ನಡುವಿನ ದೂರ ಸ್ಕೂಟರಿನ ಕೇಸಿಂಗಿನಲ್ಲಿ ಇದ್ದಷ್ಟೇ ಇರಬೇಕು, ಈ ಬೆಲ್ಟಿಗೆ ಬಿಗಿಮಾಡುವ ಟೆನ್ಷನರ್ ಇಲ್ಲ. ಹಿಂದಿನ ಕ್ಲಚ್ಚನ್ನು ಕಿತ್ತು ನೇರ ಬೋಲ್ಟ್ ಹಾಕಿದರಾಯಿತು, ನಿಂತಲ್ಲಿಂದಲೇ ಎಳೆಯುವ ಮೋಟಾರಿಗೆ ಅದು ದಂಡದ ತೂಕ. ಪಿನ್ನುಗಳ ಗ್ರೀಸು ಓ-ರಿಂಗ್ ದಾಟಿ ಹೊರಬಂದರೆ ಬೆಲ್ಟು ಜಾರುತ್ತದೆ, ಆಗ ಪುಲ್ಲಿಯ ಮುಖ ಥಿನ್ನರಿನಲ್ಲಿ ಒರೆಸಬೇಕು.

ಮತ್ತೆ ಆ ಪ್ರಶ್ನೆಗೇ ಬರುತ್ತೇನೆ. ಹುಡುಗರು ಉತ್ತರ ಹೇಳದೆ ನಿಂತರಲ್ಲ, ಅವರು ದಡ್ಡರಲ್ಲ. ರೆಡಿಮೇಡ್ ಪ್ರಾಜೆಕ್ಟು ಕೊಂಡು ತಂದವರೂ ಅಲ್ಲ. ಫ್ರೇಮಿನ ವೆಲ್ಡಿಂಗ್ ಗುರುತು, ಕೈಯ ಮೇಲಿನ ಸುಟ್ಟ ಕಲೆ ಎರಡೂ ಅವರವೇ. ಡೈನಮಿಕ್ಸ್ ಆಫ್ ಮಷಿನ್ಸ್ ವಿಷಯದಲ್ಲಿ ಎಂಜಿನ್ನಿನ ವೇಗ ಹತೋಟಿಯಲ್ಲಿಡುವ ಹಾರ್ಟ್‌ನೆಲ್ ಗವರ್ನರ್ ಅಂತ ಒಂದು ಲೆಕ್ಕ ಬರುತ್ತದೆ: ತಿರುಗುವ ಗುಂಡುಗಳು, ಎದುರಿಗೆ ಒತ್ತುವ ಸ್ಪ್ರಿಂಗು, ಯಾವ ಸುತ್ತಿನಲ್ಲಿ ನಡುವಿನ ಸ್ಲೀವು ಮೇಲೇಳುತ್ತದೆ ಕಂಡುಹಿಡಿಯಿರಿ. ವೇರಿಯೇಟರಿನ ಲೆಕ್ಕವೂ ಅದೇ ಜಾತಿಯದು. ಪರೀಕ್ಷೆಯಲ್ಲಿ ಆ ಲೆಕ್ಕ ಮಾಡಿದವರು ತಮ್ಮ ಸೈಕಲ್ಲಿನಲ್ಲಿ ಅದನ್ನು ಗುರುತಿಸಲಿಲ್ಲ. ಕಾಕಾನಿಗೆ ಸೂತ್ರ ಗೊತ್ತಿಲ್ಲ, ಸುತ್ತು ಮುಖ್ಯ ಅನ್ನುವುದು ಗೊತ್ತು. ಪ್ರಾಜೆಕ್ಟಿಗೆ ಗೈಡ್ ಆಗಿರುವ ಮೇಷ್ಟ್ರು ಈ ಎರಡನ್ನೂ ಜೋಡಿಸಬೇಕಿತ್ತು. ಅವರು ಕೇಳಿದ್ದು ಕಂಪ್ಯೂಟರಿನಲ್ಲಿ ತಿರುಗುವ ಮಾಡೆಲ್ ಮತ್ತು ರಿಪೋರ್ಟಿನಲ್ಲಿ ಕಾಪಿ ಹೊಡೆದದ್ದು ಶೇಕಡ ಎಷ್ಟು ಅನ್ನುವುದು ಮಾತ್ರವಂತೆ. ಇದು ನನಗೆ ನಿಜಕ್ಕೂ ಬೇಸರ ತಂದಿತು. ಕೈಯಿಂದ ಕಟ್ಟುವ ಉಮೇದು ಇರುವ ಮಕ್ಕಳು ಸಿಗುವುದೇ ಕಡಿಮೆ, ಸಿಕ್ಕಾಗ ಅವರನ್ನು ಅಳತೆಯ ಹತ್ತಿರ ಕರೆದೊಯ್ಯದಿದ್ದರೆ ಗುರು ಯಾಕೆ ಬೇಕು?

ಕೊನೆಗೆ ಪಕ್ಕದ ಅಂಗಡಿಯಿಂದ ಸುತ್ತು ಅಳೆಯುವ ಟ್ಯಾಕೋಮೀಟರ್ ಬಂತು. ಪುಲ್ಲಿಗೆ ಹೊಳೆಯುವ ಪಟ್ಟಿ ಅಂಟಿಸಿ, ಒಬ್ಬ ಹಿಂದಿನ ಬ್ರೇಕ್ ಹಿಡಿದು, ಇನ್ನೊಬ್ಬ ಥ್ರಾಟಲ್ ಕೊಟ್ಟು ನೋಡಿದರು. ಲೋಡಿನಲ್ಲಿ 2,600ರ ಮೇಲೆ ಹೋಗಲಿಲ್ಲ.

ಅಂಕಿ ಕಂಡ ಮೇಲೆ ಕಾಕಾ ಹೇಳಿದ ಪರಿಹಾರ ಬೇರೆ: "ರೋಲರ್ ತಗದ ಹಾಕ್ರಿ. ಸ್ಕ್ರೂ ಹಾಕೂನು." 20 ಮಿ.ಮೀ. ದಪ್ಪದ, 4 ಮಿ.ಮೀ. ಪಿಚ್ಚಿನ ಟ್ರೆಪೆಜಾಯ್ಡಲ್ ದಾರದ (ಥ್ರೆಡ್ಡಿನ) ಸ್ಕ್ರೂವನ್ನು ಶಾಫ್ಟಿಗೆ ತಾಗದಂತೆ ಬ್ರಾಕೆಟ್ಟಿನಲ್ಲಿ ಅದರ ನೇರಕ್ಕೆ ಹಿಡಿಸಿ, ಅದಕ್ಕೂ ಸರಿಯುವ ಪುಲ್ಲಿಗೂ ನಡುವೆ 51104 ಥ್ರಸ್ಟ್ ಬೇರಿಂಗು. ಮೂರು ಸುತ್ತು ತಿರುವಿದರೆ ಪುಲ್ಲಿಯ ಆ ಪಕ್ಕ 12 ಮಿ.ಮೀ. ಸರಿಯುತ್ತದೆ. ಪುಲ್ಲಿಯ ಮುಖಗಳ ಓರೆ 14 ಡಿಗ್ರಿಯಾದ್ದರಿಂದ ಬೆಲ್ಟು ಸುಮಾರು 24 ಮಿ.ಮೀ. ಮೇಲೇರುತ್ತದೆ. ಒಂದೇ ಎಳೆಯ ದಾರವಾದ್ದರಿಂದ ಬಿಟ್ಟಲ್ಲೇ ನಿಲ್ಲುತ್ತದೆ. ಸುತ್ತು ಕಡಿಮೆಯಿದ್ದರೂ ಇದು ಕೆಲಸ ಮಾಡುತ್ತದೆ. ಆದರೆ ತಾನಾಗಿ ಬದಲಾಗುವ ಗುಣ ಹೋಯಿತು, ಮತ್ತು ನಿಂತಾಗ ತಿರುವಬಾರದು. ಬೆಲ್ಟು ತಿರುಗದಿದ್ದಾಗ ಒತ್ತಿದರೆ ಅದು ಮೇಲೇರದೆ ಅಲ್ಲೇ ಹಿಂಡಿಕೊಳ್ಳುತ್ತದೆ. ಏರಿನಲ್ಲಿ ನಿಲ್ಲುವ ಮೊದಲೇ ಕೆಳಗಿಳಿಸಿಕೊಳ್ಳಬೇಕು.

ದಿನಾ ಓಡಿಸುವ ಸೈಕಲ್ಲಿಗಾದರೆ ನಾನು ಇದನ್ನು ಹೇಳುವುದಿಲ್ಲ. ಗೇರ್ ಸೈಕಲ್ಲಿನ ಹಿಂಚಕ್ರದಲ್ಲಿರುವ, 11ರಿಂದ 34 ಹಲ್ಲಿನ ಸಾಮಾನ್ಯ ಕ್ಯಾಸೆಟ್ಟಿನ (ಹಲ್ಲುಚಕ್ರಗಳ ಸೆಟ್ಟಿನ) ವ್ಯಾಪ್ತಿಯೂ ಮೂರು ಪಟ್ಟು ಚಿಲ್ಲರೆ, ವೇರಿಯೇಟರಿನಷ್ಟೇ. ಅದು ಕೆಲವೇ ನೂರು ಗ್ರಾಂ, ಇದು ನಾಲ್ಕು ಕಿಲೋ ಆಸುಪಾಸು. ಶುಚಿಯಾಗಿ ಎಣ್ಣೆ ಹಾಕಿದ ಚೈನು ಶಕ್ತಿಯಲ್ಲಿ ಶೇಕಡ 5ರಷ್ಟೂ ತಿನ್ನುವುದಿಲ್ಲ. ರಬ್ಬರ್ ಬೆಲ್ಟು ಶೇಕಡ 20 ತಿಂದರೂ ಆಶ್ಚರ್ಯವಿಲ್ಲ, ಏಕೆಂದರೆ ಬೆಲ್ಟು ಬಾಗಿ ನೆಟ್ಟಗಾಗುವ ನಷ್ಟ ಭಾರ ಕಡಿಮೆಯಾದರೂ ಅಷ್ಟಾಗಿ ಇಳಿಯುವುದಿಲ್ಲ. 24 ವೋಲ್ಟ್, 12 ಆಂಪಿಯರ್ ಅವರ್ ಬ್ಯಾಟರಿಯ 288 ವ್ಯಾಟ್ ಅವರ್‌ನಲ್ಲಿ ಐವತ್ತರಷ್ಟು ಬೆಲ್ಟಿನ ಬಿಸಿಗೇ ಹೋಗುತ್ತದೆ. ಕ್ಯಾಸೆಟ್ಟಿಗೆ ಒಂದೇ ಷರತ್ತು: ಗೇರ್ ಬದಲಿಸುವಾಗ ಮೋಟಾರು ಅರೆಕ್ಷಣ ಬಿಡುವು ಕೊಡಬೇಕು. ಬ್ರೇಕ್ ಲಿವರಿನ ಕಟಾಫ್ ಸ್ವಿಚ್ಚನ್ನೇ ಶಿಫ್ಟರಿಗೂ ಜೋಡಿಸಿದರೆ ಸಾಕು.

ಹುಡುಗರಿಗೆ ಇದನ್ನೂ ಹೇಳಿದೆ. ಒಬ್ಬ ಅಂಕಿಗಳನ್ನು ಬರೆದುಕೊಂಡ. ಇನ್ನೊಬ್ಬ, "ಸರ್, ಆದ್ರೂ ಸ್ಕ್ರೂ ಹಾಕಿ ಒಮ್ಮೆ ನೋಡ್ತೀವ್ರಿ" ಅಂದ. ನೋಡಲಿ. ಥ್ರಸ್ಟ್ ಬೇರಿಂಗಿಗೆ ಹೇಳಿದ್ದಾರೆ, ದಾರ ಕೊರೆಯುವುದು ಸೋಮವಾರ.