ಏಳು ನಿಮಿಷ ಲೇಟಾಗಿ ಫೈಲ್ ಆದ ಅಪೀಲು

ಮಂಡ್ಯದಲ್ಲಿ ಪ್ರಾಕ್ಟೀಸ್ ಶುರು ಮಾಡಿ ಆರು ವರ್ಷ ಆಯ್ತು, ಆಫೀಸಲ್ಲಿ ಇ-ಫೈಲಿಂಗ್, ಅಂದ್ರೆ ಕೇಸಿನ ಕಾಗದಗಳನ್ನ ಕೋರ್ಟಿನ ಪೋರ್ಟಲಲ್ಲಿ ಆನ್‌ಲೈನ್ ಹಾಕೋದು, ಪೂರ್ತಿ ನನ್ನ ಜವಾಬ್ದಾರಿ. ನಮ್ಮ ಸೀನಿಯರ್‌ಗೆ ಕಂಪ್ಯೂಟರ್ ಅಷ್ಟಾಗಿ ಒಗ್ಗಲ್ಲ, ಗುಮಾಸ್ತರು ಕಾಗದದ ಫೈಲಿಂಗಲ್ಲಿ ಪಳಗಿದವರು. ಹೋದ ವರ್ಷ ನನ್ನಿಂದ ಆದ ಒಂದು ತಪ್ಪನ್ನ ಬರೀತಿದೀನಿ, ಯಾಕಂದ್ರೆ ಹೊಸದಾಗಿ ಸನ್ನದು ತಗೊಂಡು ಬರೋ ಹುಡುಗ್ರೂ ಇದೇ ದಾರೀಲಿ ಹೋಗ್ತಿರೋದು ಕಣ್ಣಾರೆ ನೋಡ್ತಿದೀನಿ.

ಪಾಂಡವಪುರ ಕಡೆ ರೈತರೊಬ್ಬರದು ಪಾರ್ಟಿಶನ್ (ಆಸ್ತಿ ಭಾಗದ) ಕೇಸು, ಕೆಳಗಿನ ಕೋರ್ಟಲ್ಲಿ ಸೋತಿತ್ತು. ಅಪೀಲಿಗೆ 30 ದಿನ, ಹೈಕೋರ್ಟಿಗಾದ್ರೆ 90, ತೀರ್ಪಿನ ನಕಲು ಸಿಗೋಕೆ ಹಿಡಿದ ದಿನಗಳು ಅದರ ಲೆಕ್ಕಕ್ಕೆ ಬರಲ್ಲ. ನಕಲಿನ ಹಿಂದೆ ಅರ್ಜಿ ಕೊಟ್ಟಿದ್ದು ಯಾವತ್ತು, ನಕಲು ರೆಡಿ ಆಗಿದ್ದು ಯಾವತ್ತು ಅಂತ ಸೀಲ್ ಹಾಕಿರ್ತಾರಲ್ಲ, ಅದನ್ನ ನೋಡಿ ಲೆಕ್ಕ ಹಾಕಿದಾಗ ನನ್ನ ಕೈಲಿ ಇನ್ನೂ ಎಂಟು ದಿನ ಇತ್ತು. ಎಂಟು ದಿನ ಇದೆ, ಪೋರ್ಟಲ್ 24 ಗಂಟೇನೂ ತೆರೆದಿರುತ್ತೆ, ಇನ್ನೇನು ಅಂತ ಬೇರೆ ಕೆಲಸ ಹಿಡಿದು ಕೂತೆ. ಕೊನೇ ದಿನ ಸಂಜೆ ಆರಕ್ಕೆ ಪಿಡಿಎಫ್ ಮಾಡೋಕೆ ಕೂತೆ.

ಮೊದಲು ಕೈ ಕೊಟ್ಟಿದ್ದು ಅಕ್ಷರ. ಅಪೀಲು ಮೆಮೊ ನಮ್ಮ ಟೈಪಿಸ್ಟ್ ಹಳೇ ನುಡಿ ಫಾಂಟಲ್ಲಿ ಹೊಡೆದಿದ್ರು, ಅವರ ಕಂಪ್ಯೂಟರಲ್ಲಿ ಮುತ್ತಿನಂತೆ ಕಾಣ್ತಿತ್ತು, ನನ್ನ ಲ್ಯಾಪ್‌ಟಾಪಲ್ಲಿ ತೆಗೆದ್ರೆ "ಪಾಂಡವಪುರ" ಅನ್ನೋ ಕಡೆ ಎರಡು "ಪ"ಗಳ ಜಾಗದಲ್ಲೂ ಜಪಾನಿನ ಯೆನ್ ಚಿಹ್ನೆ, ಸುತ್ತ ತಲೆ ಮೇಲೆ ಗೀಟು ಹಾಕಿದ ಇಂಗ್ಲಿಷ್ ಅಕ್ಷರಗಳು. ಆ ಹಳೇ ನುಡಿ ಯೂನಿಕೋಡ್ (ಎಲ್ಲಾ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತ) ಅಲ್ಲ, ಫಾಂಟು ಪಿಡಿಎಫ್ ಒಳಗೆ ಸೇರಿರದಿದ್ರೆ ಬೇರೆ ಕಂಪ್ಯೂಟರಲ್ಲಿ ಹೀಗೇ ಆಗೋದು. ಫಾಂಟು ಸೇರಿದ್ರೂ ಒಂದು ಪದ ಹುಡುಕೋಕಾಗಲ್ಲ. ಕೋರ್ಟು ಕೇಳೋದು ಹುಡುಕೋಕೆ ಬರೋ ಪಿಡಿಎಫ್. ಕನ್ವರ್ಟ್ ಮಾಡಿ, ಒತ್ತಕ್ಷರ ಎಗರಿ ಹೋಗಿದ್ದನ್ನೆಲ್ಲ ತಿದ್ದೋ ಹೊತ್ತಿಗೆ ಒಂಬತ್ತೂವರೆ.

ಆಮೇಲೆ ಪಹಣಿ. ಕಕ್ಷಿದಾರರ ಮಗ ಮೊಬೈಲಲ್ಲಿ ಫೋಟೋ ತೆಗೆದು ವಾಟ್ಸಾಪ್ ಮಾಡಿದ್ದ, ಅದನ್ನೇ ಹಾಕೋಣ ಅಂತಿದ್ದೆ. ಜೂಮ್ ಮಾಡಿ ನೋಡಿದ್ರೆ ಸರ್ವೆ ನಂಬರಿನ ಕೊನೇ ಅಂಕಿ 3ನೋ 8ನೋ ಗೊತ್ತಾಗ್ತಿಲ್ಲ. ಜಮೀನಿನ ಕೇಸಲ್ಲಿ ಆ ಒಂದು ಅಂಕಿನೇ ಕೇಸು. ಮತ್ತೆ ಎಲ್ಲಾನೂ 300 ಡಿಪಿಐಗೆ ಸ್ಕ್ಯಾನ್ ಮಾಡಿ, ಪುಟದ ನಂಬರ್ ಇಂಡೆಕ್ಸಿಗೆ ತಾಳೆ ನೋಡಿ ಮುಗಿಸಿದಾಗ 11.40.

ಇ-ಸೈನ್‌ಗೆ, ಅಂದ್ರೆ ಆನ್‌ಲೈನ್ ಸಹಿಗೆ, ಓಟಿಪಿ ಹೋಗೋದು ಆಧಾರ್‌ಗೆ ಲಿಂಕ್ ಆಗಿರೋ ನಂಬರಿಗೆ. ಸೀನಿಯರ್ ಲಿಂಕ್ ಮಾಡ್ಸಿದ್ದು ಹಳೇ ನಂಬರು, ಆ ಸಿಮ್ ಇದ್ದಿದ್ದು ಮೈಸೂರಿನ ಮನೇಲಿ ಅವರ ಹೆಂಡತಿ ಫೋನಲ್ಲಿ, ಅವರು ಮಲಗಿಬಿಟ್ಟಿದ್ರು. ಒಂದು ಓಟಿಪಿ ಟೈಮ್ ಮುಗೀತು, ಎರಡನೇದೂ ಹೋಯ್ತು, ಮೂರನೇದಕ್ಕೆ ಅಮ್ಮ ಎದ್ದು ಓದಿ ಹೇಳಿದ್ರು. ಫೈಲಿಂಗ್ ಆದಾಗ ರಾತ್ರಿ 12 ಗಂಟೆ 7 ನಿಮಿಷ, ಅಂದ್ರೆ ಮಾರನೇ ದಿನದ ತಾರೀಖು.

ಆನ್‌ಲೈನಲ್ಲಿ ಹಾಕಿದ್ರೂ ಲಿಮಿಟೇಷನ್ (ಕಾಲಮಿತಿ) ಕಾನೂನು ಅದೇ, ವಿನಾಯಿತಿ ಇಲ್ಲ. ಅದರ ಸೆಕ್ಷನ್ 5ರಲ್ಲಿ ಡಿಲೇ ಮನ್ನಾಗೆ ಐಎ (ಮಧ್ಯಂತರ ಅರ್ಜಿ), ಅದಕ್ಕೊಂದು ಅಫಿಡವಿಟ್, ಎದುರುದಾರರಿಗೆ ನೋಟಿಸ್. ಒಂದು ದಿನದ ಡಿಲೇನ ಕೋರ್ಟು ಮನ್ನಾ ಮಾಡುತ್ತೆ ಅನ್ನೋ ನಂಬಿಕೆ ಇತ್ತು, ಮಾಡ್ತು ಕೂಡ, ಆದ್ರೆ ಅದಕ್ಕೆ ಮೂರು ತಿಂಗಳು ಹಿಡೀತು. ಆ ಮೂರು ತಿಂಗಳು ಸ್ಟೇ ಇಲ್ಲ. ಸಿಪಿಸಿ (ಸಿವಿಲ್ ಪ್ರಕ್ರಿಯಾ ಸಂಹಿತೆ) ಆರ್ಡರ್ 41 ರೂಲ್ 3ಎ ಓದಿ ನೋಡಿ, ತಡವಾಗಿ ಬಂದ ಅಪೀಲನ್ನ ಕೇಳೋದು ಅಂತ ತೀರ್ಮಾನ ಆಗೋವರೆಗೂ ಡಿಕ್ರಿ ಜಾರಿಗೆ ತಡೆ ಕೊಡೋ ಹಾಗಿಲ್ಲ. ಎದುರುದಾರರು ಅಷ್ಟರಲ್ಲಿ ಫೈನಲ್ ಡಿಕ್ರಿಗೆ, ಅಂದ್ರೆ ಜಮೀನು ಅಳೆದು ಭಾಗ ಮಾಡಿಕೊಡಿ ಅಂತ, ಅರ್ಜಿ ಹಾಕಿದ್ರು. ಆ ರೈತರು ಆಫೀಸಿಗೆ ಬಂದು ಟವೆಲ್ ಕೈಲಿ ಹಿಡ್ಕೊಂಡು ನಿಂತೇ ಕೇಳಿದ್ರು, "ಅಲ್ಲ ಕಣವ್ವ, ಏಳು ನಿಮ್ಷುಕ್ಕೆ ನನ್ ಗದ್ದೆ ಅಳತೆಗೆ ಬತ್ತಾರಾ?" ಕೂತ್ಕೊಳ್ಳಿ ಯಜಮಾನ್ರೆ ಅಂದೆ, ಕೂರ್ಲಿಲ್ಲ. ತಪ್ಪು ನನ್ನದೇ ಅಂತ ಹೇಳಿದೆ. ಸೀನಿಯರ್ ಬೈಲಿಲ್ಲ, ಅಫಿಡವಿಟ್ ಡ್ರಾಫ್ಟನ್ನ ತಾವೇ ಕೂತು ಬರೆಸಿದ್ರು.

ಅವತ್ತಿಂದ ಡೈರೀಲಿ ಕೊನೇ ತಾರೀಖಿನ ಐದು ದಿನ ಹಿಂದೆ ಕೆಂಪು ಗೆರೆ ಹಾಕ್ತೀನಿ, ನನ್ನ ಪಾಲಿಗೆ ಗಡುವು ಅದೇ. ಕೊನೇ ದಿನಕ್ಕೆ ಬಿಟ್ರೆ ಕೋರ್ಟ್ ಆಫೀಸಿಂದ ಆಬ್ಜೆಕ್ಷನ್ ಬಂದಾಗ ಸರಿ ಮಾಡೋಕೂ ಟೈಮ್ ಇರಲ್ಲ. ಕೋರ್ಟ್ ವೇಳೆ ಮುಗಿದ ಮೇಲೆ ಹಾಕಿದ್ದನ್ನ ಯಾವ ದಿನದ ಲೆಕ್ಕಕ್ಕೆ ತಗೋತಾರೆ ಅಂತ ಆಯಾ ಕೋರ್ಟಿನ ನಿಯಮ ಮೊದಲೇ ಓದ್ಕೊಳ್ಳಿ, ರಾತ್ರಿ ಹನ್ನೆರಡರ ತನಕ ಇದೆ ಅಂತ ಯಾರೋ ಕ್ಯಾಂಟೀನಲ್ಲಿ ಹೇಳಿದ್ದನ್ನ ನಂಬಬೇಡಿ. ಪಿಡಿಎಫ್ ಆದ ಮೇಲೆ ಬೇರೆ ಯಾರದಾದ್ರೂ ಫೋನಿಗೆ ಕಳಿಸಿ ತೆಗೆಸಿ, ಅಲ್ಲಿ ಕನ್ನಡ ನೆಟ್ಟಗೆ ಕಾಣ್ಬೇಕು, ಆಗಲೇ ಅಪ್‌ಲೋಡ್ ಮಾಡೋದು. ಸೀನಿಯರ್ ಆಧಾರ್ ನಂಬರನ್ನ ಮುಂದಿನ ವಾರವೇ ನಾನೇ ಜೊತೇಲಿ ಹೋಗಿ ಬದಲಾಯಿಸಿ ಬಂದೆ.

ಸ್ಕ್ಯಾನ್ ಆಯ್ತು ಅಂತ ಮೂಲ ಪ್ರತಿಗಳನ್ನ ಕಕ್ಷಿದಾರರ ಕೈಗೆ ಕೊಟ್ಟು ಕಳಿಸಬೇಡಿ. ಸಹಿ ಮಾಡಿದ ವಕಾಲತ್ತು, ಅಫಿಡವಿಟ್ ಕೋರ್ಟು ಯಾವಾಗ ಬೇಕಾದ್ರೂ ಕೇಳ್ಬೋದು. ಆ ರೈತರ ಕವರು ನನ್ನ ಬೀರುವಿನ ಮೇಲಿನ ಅರೇಲಿದೆ. ಸ್ಟೇ ಸಿಕ್ಕಿದೆ, ಅಪೀಲು ವಾದಕ್ಕೆ ನಿಂತಿದೆ.