ನೀಲಗಿರಿಯ ತವರಿನಲ್ಲಿ ಮಕ್ಕಳೊಂದಿಗೆ

ಕ್ಯಾನ್‌ಬೆರಾದ ಬ್ಲ್ಯಾಕ್ ಮೌಂಟನ್ ಗುಡ್ಡದ ತಪ್ಪಲಿನಲ್ಲಿ ಆಸ್ಟ್ರೇಲಿಯಾದ ರಾಷ್ಟ್ರೀಯ ಸಸ್ಯೋದ್ಯಾನವಿದೆ. 1970ರಲ್ಲಿ ಅಧಿಕೃತವಾಗಿ ಉದ್ಘಾಟನೆಯಾದ ಈ ತೋಟದಲ್ಲಿ ಈ ದೇಶದ ನೆಲದ್ದೇ ಆದ ಗಿಡಮರಗಳನ್ನು ಮಾತ್ರ ಬೆಳೆಸುತ್ತಾರೆ. ಗುಲಾಬಿ ಇಲ್ಲ, ಡೇಲಿಯಾ ಇಲ್ಲ, ಗುಲ್‌ಮೊಹರ್ ಇಲ್ಲ. ಹೈದರ್ ಅಲಿಯ ಕಾಲದಿಂದಲೂ ದೂರದೂರದ ಗಿಡಗಳನ್ನು ತರಿಸಿ ಬೆಳೆಸಿದ ಲಾಲ್‌ಬಾಗ್ ನನ್ನ ಮನಸ್ಸಿನಲ್ಲಿದ್ದ ಸಸ್ಯತೋಟ. ಹೊರಗಿನ ಒಂದು ಕಡ್ಡಿಯನ್ನೂ ಒಳಗೆ ಬಿಡದ ತೋಟವೆಂದರೆ ಏನಿರಬಹುದು ಎಂಬ ಕುತೂಹಲದಿಂದಲೇ ಮಕ್ಕಳನ್ನು ಕರೆದುಕೊಂಡು ಹೋಗಲು ಶುರುಮಾಡಿದೆ. ಈಗ ಶನಿವಾರ ಬಿಸಿಲು ಚೆನ್ನಾಗಿದ್ದರೆ ಅವರೇ ನನ್ನನ್ನು ಎಬ್ಬಿಸಿ ಹೊರಡಿಸುತ್ತಾರೆ.

ಕರ್ನಾಟಕದವರು ಇಲ್ಲಿ ಕಾಲಿಟ್ಟರೆ ಗುರುತು ಹಿಡಿಯುವ ಮರಗಳು ಒಂದೆರಡಲ್ಲ. ನೀಲಗಿರಿ ಇಲ್ಲಿಯದು. ಮಲೆನಾಡಿನ ಗುಡ್ಡಗಳನ್ನು ತುಂಬಿದ ಅಕೇಶಿಯಾದ ಬಳಗ ಇಲ್ಲಿದೆ. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ಮೆಣಸಿನ ಬಳ್ಳಿ ಹೊತ್ತು ನಿಂತ ಸಿಲ್ವರ್ ಓಕ್ ಕೂಡ ಈ ದೇಶದ ಪೂರ್ವ ಕರಾವಳಿಯ ಮರ. ಅದರ ದಾಯಾದಿಗಳಾದ ಗ್ರೆವಿಲ್ಲಿಯಾ ಗಿಡಗಳು ಬಗೆಬಗೆಯ ಬಣ್ಣದಲ್ಲಿ ಹೂಬಿಟ್ಟಿರುತ್ತವೆ. ಬೆಂಗಳೂರಿನ ಉದ್ಯಾನಗಳ ಬಾಟಲ್ ಬ್ರಷ್ ಗಿಡವೂ ಇಲ್ಲಿಂದಲೇ ಹೊರಟದ್ದು.

ನನ್ನೂರು ಸಾಗರದ ಕಡೆ. ಅಲ್ಲಿ ಅಕೇಶಿಯಾ ಎಂದರೆ ಅಜ್ಜನ ಮುಖ ಬಿಗಿಯುತ್ತಿತ್ತು. ಅದರ ದರಗು ಬೇಗ ಕೊಳೆಯುವುದಿಲ್ಲ, ಅದರಡಿ ದನಕ್ಕೆ ಹುಲ್ಲಿಲ್ಲ, ಹಕ್ಕಿಗೆ ಹಣ್ಣಿಲ್ಲ ಎಂಬುದು ಅವರ ದೂರು. ನೀಲಗಿರಿಯ ಮೇಲಿನ ಸಿಟ್ಟು ಇನ್ನೂ ದೊಡ್ಡದು. ಟಿಪ್ಪುವಿನ ಕಾಲದಲ್ಲಿ ನಂದಿಬೆಟ್ಟಕ್ಕೆ ಬಂತೆಂದು ಹೇಳುವ ಈ ಮರ ಕೋಲಾರದಂಥ ಒಣನೆಲದಲ್ಲಿ ತೋಪು ತೋಪಾಗಿ ಬೆಳೆದು, ಅಂತರ್ಜಲ ಬತ್ತಲು ಅದೂ ಕಾರಣವೆಂಬ ಕೂಗೆದ್ದು, 2017ರಲ್ಲಿ ರಾಜ್ಯ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನೇ ನಿಷೇಧಿಸಿತು. ಅಜ್ಜನ ಮಾತನ್ನು ನಾನು ಇಂದಿಗೂ ಒಪ್ಪುತ್ತೇನೆ. ಆದರೆ ಈ ಮರಗಳನ್ನು ಅವುಗಳ ತವರಿನಲ್ಲಿ, ಅವುಗಳ ಪರಿವಾರದೊಂದಿಗೆ ನೋಡುವ ಅವಕಾಶ ಅಜ್ಜನಿಗೆ ಸಿಗಲಿಲ್ಲ.

ಆ ಪರಿವಾರವನ್ನು ನನಗೆ ತೋರಿಸಿಕೊಟ್ಟದ್ದು ಒಂದು ಹುಳು. ಬ್ಲ್ಯಾಕ್ ಮೌಂಟನ್‌ನಲ್ಲಿ ತಾನಾಗಿಯೇ ಬೆಳೆಯುವ ನೀಲಗಿರಿ ಜಾತಿಯೊಂದಿದೆ, ಸ್ಕ್ರಿಬ್ಲಿ ಗಮ್ ಎನ್ನುತ್ತಾರೆ. ನುಣುಪಾದ ಬಿಳಿ ಬೊಡ್ಡೆ. ಅದರ ಮೇಲೆ ಯಾರೋ ಕಂದು ಪೆನ್ಸಿಲ್ಲಿನಿಂದ ಗೀಚಿದಂತೆ ಅಂಕುಡೊಂಕು ಗೆರೆಗಳು. ಇದು ಯಾವ ಭಾಷೆ ಎಂದು ಮಗ ಕೇಳಿದ. ಮಗಳು ಅಲ್ಲಿದ್ದ ಫಲಕವನ್ನು ಓದಿ ಅವನಿಗೆ ವಿವರಿಸಿದಳು. ಸಣ್ಣದೊಂದು ಪತಂಗ ತೊಗಟೆಯ ಮೇಲೆ ಮೊಟ್ಟೆಯಿಡುತ್ತದೆ. ಹೊರಬಂದ ಮರಿಹುಳು ತೊಗಟೆಯೊಳಗೆ ಕೊರೆಯುತ್ತ ಸಾಗುತ್ತದೆ: ಮೊದಲು ಉದ್ದುದ್ದ ತಿರುವುಗಳು, ಆಮೇಲೆ ಒತ್ತೊತ್ತಾದ ಅಂಕುಡೊಂಕು. ಒಂದು ಹಂತದಲ್ಲಿ ಗಕ್ಕನೆ ತಿರುಗಿ, ಬಂದ ದಾರಿಯ ಪಕ್ಕದಲ್ಲೇ ವಾಪಸು ಹೊರಡುತ್ತದೆ. ಮರ ಆ ಗಾಯವನ್ನು ಮೆದು ಅಂಗಾಂಶದಿಂದ ತುಂಬುತ್ತದೆ. ಹುಳು ಅದನ್ನೇ ತಿಂದು ಕೊಬ್ಬಿ, ಮರ ಬಿಟ್ಟು ಇಳಿದು ಕೋಶ ಕಟ್ಟಿಕೊಳ್ಳುತ್ತದೆ. ಹುಳು ಹೊರಟುಹೋದ ಮೇಲೆ ಹಳೆಯ ತೊಗಟೆ ಕಳಚಿ ಬೀಳುತ್ತದೆ. ಆಗಷ್ಟೇ ಅದು ನಡೆದ ದಾರಿ ನಮ್ಮ ಕಣ್ಣಿಗೆ ಬೀಳುವುದು.

ಮಗ ಒಂದು ಗೆರೆಯ ಮೇಲೆ ತೋರುಬೆರಳಿಟ್ಟು ಕೊನೆಯವರೆಗೂ ಹೋದ. ಹುಳು ತಿರುಗಿದ ಜಾಗದಲ್ಲಿ ಅವನ ಬೆರಳೂ ತಿರುಗಿತು. ಗೆರೆ ಹೋಗುತ್ತ ಹೋಗುತ್ತ ದಪ್ಪವಾಗುವುದನ್ನು ಕಂಡು, "ಅಮ್ಮ, ಇಲ್ಲಿಗೆ ಬರುವಾಗ ಅದಕ್ಕೆ ವಯಸ್ಸಾಗಿದೆ" ಎಂದ. ನಮ್ಮೂರ ನೀಲಗಿರಿ ತೋಪುಗಳಲ್ಲಿ ನಾನು ಬೇಕಾದಷ್ಟು ಓಡಾಡಿದ್ದೇನೆ. ಈ ಬರಹವುಳ್ಳ ಒಂದು ಬೊಡ್ಡೆಯನ್ನೂ ಕಂಡಿಲ್ಲ. ಮರ ಕಡಲು ದಾಟಿ ಬಂತು, ಅದರ ತೊಗಟೆಯನ್ನೇ ಮನೆ ಮಾಡಿಕೊಂಡ ಹುಳು ಇಲ್ಲೇ ಉಳಿಯಿತು. ಹುಳು ಒಂದೇ ಏನು, ಹೂವಿನ ಮಕರಂದಕ್ಕೆ ಮುಗಿಬೀಳುವ ಗಿಣಿಗಳು, ನಮ್ಮ ಸೂರಕ್ಕಿಯಂತೆ ಬಾಗಿದ ಕೊಕ್ಕಿನ ಸ್ಪೈನ್‌ಬಿಲ್ ಹಕ್ಕಿ, ಇವೆಲ್ಲ ಸೇರಿದ ಮೇಲೆ ಇಲ್ಲಿಯ ನೀಲಗಿರಿ ಕಾಡೆನಿಸಿಕೊಳ್ಳುತ್ತದೆ.

ಅಕೇಶಿಯಾದ ಗುಟ್ಟು ತಿಳಿದದ್ದೂ ಹೀಗೆ ಬಗ್ಗಿ ನೋಡಿದಾಗಲೇ. ಬ್ಲ್ಯಾಕ್‌ವುಡ್ ಎಂಬ ಜಾತಿಯ ಎಳೆಯ ಸಸಿಯಲ್ಲಿ ಜಾಲಿಯದರಂತೆ ಸಣ್ಣ ಸಣ್ಣ ಎಲೆಗಳ ಗರಿ ಇರುತ್ತದೆ. ಬೆಳೆಯುತ್ತ ಬಂದಂತೆ ಆ ಗರಿಯ ತೊಟ್ಟು ಅಗಲವಾಗಿ, ಚಪ್ಪಟೆಯಾಗಿ, ಎಲೆಯ ಕೆಲಸವನ್ನು ತಾನೇ ವಹಿಸಿಕೊಳ್ಳುತ್ತದೆ, ಗರಿ ಉದುರಿಹೋಗುತ್ತದೆ. ಅಗಲವಾದ ತೊಟ್ಟಿನ ತುದಿಯಲ್ಲಿ ಇನ್ನೂ ಗರಿ ಅಂಟಿಕೊಂಡಿದ್ದ ಒಂದು ಕೊಂಬೆಯನ್ನು ಮಗಳು ಹುಡುಕಿ ತೆಗೆದು ತನ್ನ ಪುಸ್ತಕದಲ್ಲಿ ಚಿತ್ರ ಬರೆದುಕೊಂಡಳು. ನಮ್ಮೂರಿನ ಅಕೇಶಿಯಾದಲ್ಲಿ ನಾವೆಲ್ಲ ಎಲೆ ಎಂದುಕೊಂಡು ಗುಡಿಸಿ ಒಟ್ಟುತ್ತಿದ್ದದ್ದೂ ಇಂಥ ತೊಟ್ಟನ್ನೇ. ಇದೇ ಕುಲದ ಗೋಲ್ಡನ್ ವಾಟಲ್ ಈ ದೇಶದ ರಾಷ್ಟ್ರೀಯ ಹೂವು. ಸೆಪ್ಟೆಂಬರ್ 1 ಅದರ ಹೆಸರಿನ ದಿನ.

ಕೊಳದ ದಂಡೆಯಲ್ಲಿ ವಾಟರ್ ಡ್ರ್ಯಾಗನ್‌ಗಳು ಬಿಸಿಲು ಕಾಯಿಸುತ್ತ ಮಲಗಿರುತ್ತವೆ. ನಮ್ಮ ಓತಿಕ್ಯಾತದ ಕುಟುಂಬದವೇ, ಗಾತ್ರ ಮಾತ್ರ ಬಹಳ ದೊಡ್ಡದು. ದಾರಿಗೆ ಅಡ್ಡ ಬಂದರೆ ಅದು ಸರಿಯುವವರೆಗೆ ನಾವೇ ನಿಲ್ಲಬೇಕು. ಸ್ವಲ್ಪ ಮುಂದೆ ಮೂಲನಿವಾಸಿಗಳು ಬಳಸುತ್ತಿದ್ದ ಗಿಡಗಳ ಪರಿಚಯವಿದೆ. ಲೊಮಾಂಡ್ರಾ ಎಂಬ ಉದ್ದೆಲೆಯ ಗಿಡದಿಂದ ಅವರು ಬುಟ್ಟಿ ಹೆಣೆಯುತ್ತಿದ್ದರು, ಎಲೆಯ ಬುಡದ ಬಿಳಿ ಭಾಗವನ್ನು ತಿನ್ನುತ್ತಿದ್ದರು. ಆಮೇಲೆ ಮಳೆಕಾಡಿನ ಕಣಿವೆ. ಕ್ಯಾನ್‌ಬೆರಾ ಒಣ ಊರು, ಚಳಿಗಾಲದಲ್ಲಿ ಹಿಮ ಕಟ್ಟುವ ಊರು. ಅಂಥಲ್ಲಿ ಮರದೆತ್ತರದ ಜರೀಗಿಡಗಳನ್ನು ಬದುಕಿಸಲು ಕೊಳವೆಗಳಿಂದ ಆಗಾಗ ಮಂಜು ಸಿಂಪಡಿಸುತ್ತಾರೆ. ಮಂಜು ಬಂದಾಗ ಮಕ್ಕಳು ಕಿರುಚಿ ಕುಣಿಯುತ್ತಾರೆ. ನನಗೆ ಆಗುಂಬೆ ನೆನಪಾಗುತ್ತದೆ.

ಪಶ್ಚಿಮಘಟ್ಟದ ಗಿಡಗಳಿಗೆಂದೇ ಹೀಗೆ ಒಂದು ತೋಟ ನಮ್ಮ ಜಿಲ್ಲೆಯಲ್ಲೂ ಇರಬೇಕೆಂಬ ಆಸೆ ನನಗೆ ದಿನದಿನಕ್ಕೆ ಹೆಚ್ಚುತ್ತಿದೆ. ಸುರಗಿ, ರಂಜ, ಮುರುಗಲು, ಉಪ್ಪಾಗೆ, ಧೂಪ, ಕಾಡುಜಾಯಿಕಾಯಿ, ಇವುಗಳಲ್ಲಿ ಹಲವನ್ನು ನಮ್ಮ ಸೊಪ್ಪಿನ ಬೆಟ್ಟದಲ್ಲೇ ತೋರಿಸಬಲ್ಲೆ. ಆದರೆ ಸಾಗರದ ಪೇಟೆಯಲ್ಲಿ ಬೆಳೆಯುವ ಮಗುವಿಗೆ ಇವನ್ನು ತೋರಿಸುವವರು ಯಾರು? ಮಗುವಿನ ಎತ್ತರಕ್ಕೆ ಕನ್ನಡದಲ್ಲಿ ಒಂದು ಫಲಕ, ಕೂರಲು ಕಲ್ಲುಬೆಂಚು, ಯಾವ ಮರಕ್ಕೆ ಯಾವ ಹಕ್ಕಿ ಬರುತ್ತದೆಂದು ಹೇಳುವ ಒಬ್ಬ ಊರವರು, ಇಷ್ಟಿದ್ದರೆ ಶುರುಮಾಡಬಹುದು. ಶಾಲೆಯ ಹಿಂದಿನ ಒಂದೆರಡು ಗುಂಟೆಯೂ ಸಾಕು. ಡಿಸೆಂಬರ್ ರಜೆಯಲ್ಲಿ ಊರಿಗೆ ಬಂದಾಗ ಈ ಮಾತನ್ನು ನಾನು ಓದಿದ ಶಾಲೆಯ ಮೇಷ್ಟ್ರ ಬಳಿ ಎತ್ತುವವಳಿದ್ದೇನೆ.

ಸಿಡ್ನಿಯಲ್ಲಿರುವ ಮಕ್ಕಳ ಮನೆಗೆ ಬರುವ ಹಿರಿಯರಿದ್ದರೆ ಒಂದು ದಿನ ಈ ತೋಟಕ್ಕೂ ಇಡಿ. ಅಲ್ಲಿಂದ ಕಾರಿನಲ್ಲಿ ಸುಮಾರು ಮೂರು ಗಂಟೆಯ ದಾರಿ. ಪ್ರವೇಶಕ್ಕೆ ಹಣವಿಲ್ಲ, ಕಾರು ನಿಲ್ಲಿಸಲು ಮಾತ್ರ ಕೊಡಬೇಕು. ಸೆಪ್ಟೆಂಬರ್, ಅಕ್ಟೋಬರ್ ಹೂವಿನ ಕಾಲ. ಬೆಳಗ್ಗೆ ಸ್ವೆಟರ್ ಬೇಕಾಗುತ್ತದೆ. ಮೊಮ್ಮಕ್ಕಳ ಕೈಗೊಂದು ಭೂತಕನ್ನಡಿ ಕೊಟ್ಟು ಮೊದಲು ಸ್ಕ್ರಿಬ್ಲಿ ಗಮ್ ತೋರಿಸಿ. ಮಂಜಿನ ಕಣಿವೆಯನ್ನು ಕೊನೆಗೆ ಇಟ್ಟುಕೊಳ್ಳಿ; ಅದು ಮೊದಲೇ ಸಿಕ್ಕರೆ ಮಕ್ಕಳು ಅಲ್ಲಿಂದ ಕದಲುವುದಿಲ್ಲ.